ನಲವತ್ತೊಂದನೆಯ ಪರೀಕ್ಷೆ

ಅಡ್ಡಗದ್ದೆಯ ಕೃತಿಕಾಳಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅವಳ ಅಮ್ಮನೇ ತಡವರಿಸುತ್ತಾರೆ. ಕೊಪ್ಪದಲ್ಲಿ ಬೇಕರಿಯೊಂದರ ಮಾಳಿಗೆಯಲ್ಲಿ ಅವಳು ಕೆಲಸ ಮಾಡುವ ಕಂಪನಿ. ಅಲ್ಲಿ ತಯಾರಾಗುವ ಮೊಬೈಲ್ ಆ್ಯಪ್‌ಗಳಲ್ಲಿ ಯಾವ ಗುಂಡಿ ಒತ್ತಿದರೆ ಯಾವ ಪುಟ ಬರಬೇಕೋ ಅದೇ ಬರುತ್ತದೆಯೇ ಎಂದು ತಾನಾಗಿ ಒತ್ತಿ ನೋಡುವ ಪ್ರೋಗ್ರಾಂ ಬರೆಯುತ್ತಾಳೆ. ಸರಿ ಬಂದರೆ ಹಸಿರು, ತಪ್ಪಿದರೆ ಕೆಂಪು.

ಕಣ್ಣಿನ ಆಪರೇಷನ್ ಶಿಬಿರಕ್ಕೆ ಹೆಸರು ಬರೆಸುವ ಆ್ಯಪ್‌ಗೆ ನಲವತ್ತು ಪರೀಕ್ಷೆ ಸಾಕೆಂದಿದ್ದರು. ನಲವತ್ತೊಂದನೆಯದು ಅವಳದೇ ತಲೆಯಿಂದ ಬಂದದ್ದು. ಗದ್ದೆಯ ದಾರಿಗೆ ಅಡ್ಡ ಉಣುಗೋಲು ಹಾಕಿ ಹತ್ತು ಹೆಜ್ಜೆ ನಡೆದವರು, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ನೋಡುವ ಜನ ನಮ್ಮವರು. ದನ ನುಗ್ಗಿದರೆ ಗದ್ದೆ ಹೋಯಿತಲ್ಲ! ಇಂಥವರು ಅರ್ಜಿಯ ಕೊನೆಯ ಪುಟದಿಂದಲೂ ಹಿಂದೆ ಹೋಗದೆ ಬಿಡುತ್ತಾರೆಯೇ? ಬರೆದು ನೋಡಿದಳು. ಕೆಂಪು. ಹಿಂದೆ ಹೋದರೆ ಆ್ಯಪ್ ಸೀದಾ ಮೊದಲ ಪುಟಕ್ಕೆ ಹಾರುತ್ತಿತ್ತು. ತುಂಬಿದ್ದೆಲ್ಲ ತುಟಿಪಿಟಕ್ಕೆನ್ನದೆ ಅಳಿಸಿಹೋಗುತ್ತಿತ್ತು.

ಸರಿಪಡಿಸಲು ವಾರ ಬೇಕಿತ್ತು. ಶಿಬಿರದವರಿಗೆ ತೋರಿಸುವುದು ಮರುದಿನ. ಕೃತಿಕಾಳ ಕೆಲಸ ಕಾಯಂ ಮಾಡುವ ಪತ್ರ ಮುಖ್ಯಸ್ಥ ರಘುಪತಿಯ ಡ್ರಾಯರಿನಲ್ಲಿ ಸಹಿಗೆ ಕಾದಿತ್ತು. ಅವಳು ಎರಡು ಸಲ ವಾದಿಸಿದಳು.

"ಅದೊಂದನ್ನ ಸದ್ಯಕ್ಕೆ ಬಿಟ್ಬಿಡು ಮಾರಾಯ್ತಿ," ಎಂದ ರಘುಪತಿ. "ಆಮೇಲೆ ನೋಡನ."

ಆ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗು ಎಂಬ ಒಂದೇ ಒಂದು ಸಾಲನ್ನು ಅವಳು ತನ್ನ ಕೈಯಾರೆ ಸೇರಿಸಿದಳು. ನಲವತ್ತೂ ಹಸಿರಾದವು. ಕೆಳಗಿನ ಬೇಕರಿಯಿಂದ ಕೇಕ್ ಬಂತು, ಪತ್ರಕ್ಕೆ ಸಹಿ ಬಿತ್ತು. ಹೊಳೆ ದಾಟಿದವರಿಗೆ ಅಂಬಿಗನ ನೆನಪೆಲ್ಲಿ? ರಘುಪತಿಯ 'ಆಮೇಲೆ' ಬರಲೇ ಇಲ್ಲ.

ಶಿಬಿರದ ದಿನ ಕೆರೆಕಟ್ಟೆಯಿಂದ ಅವಳ ದೊಡ್ಡಮ್ಮ ಸೀತಕ್ಕ ಬಂದಿದ್ದರು. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದಕ್ಕೆ ಪೊರೆ ಬಲಿಯುತ್ತಿತ್ತು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಶಿಬಿರದವರು ವಾಪಸು ಕಳಿಸಿದರು. ಮುಂದಿನ ಶಿಬಿರ ಇನ್ನೊಂದು ವರ್ಷಕ್ಕೆ. ಊರಿನ ಬಸ್ಸು ಸಂಜೆಗಾದ್ದರಿಂದ ಗೋಡೆ ತಡವುತ್ತ ಮಾಳಿಗೆ ಹತ್ತಿ ಬಂದು ಕೃತಿಕಾಳ ಪಕ್ಕ ಕೂತರು.

"ಎಲ್ಲ ತುಂಬಿದ್ದೆ ಕೃತಿ. ಸರಿ ಬರ್ದಿದೀನಾ ಅಂತ ಒಂಚೂರು ಹಿಂದೆ ಹೋಗಿ ನೋಡ್ದೆ. ಮೊದಲಿನ ಪುಟ ಬಂತು, ಮುಗೀತು ಅಂದ್ಕಂಡೆ. ನಂದೇ ತಪ್ಪು."

ನಿನ್ನದಲ್ಲ, ನನ್ನದು ಎಂಬ ಮಾತು ಗಂಟಲವರೆಗೆ ಬಂತು. ಎದುರಿನ ಮೇಜಿನಲ್ಲಿ ರಘುಪತಿ ತಲೆಯೆತ್ತಿ ನೋಡುತ್ತಿದ್ದ.

"ಹೋಗ್ಲಿ ಬಿಡು ದೊಡ್ಡಮ್ಮ," ಎಂದಳು ಕೃತಿಕಾ. "ಮುಂದಿನ ಸಲ ಹಿಂದೆ ಹೋಗಿ ನೋಡ್ಬೇಡ."

ಆಡಿದ ಮಾತಿಗೆ ಅವಳಿಗೇ ಹೇಸಿಗೆಯಾಯಿತು. ಸೀತಕ್ಕ ಮಾತ್ರ, ಓದಿದ ಹುಡುಗಿ ಬುದ್ಧಿ ಹೇಳಿದಳೆಂದು, ವಿಧೇಯವಾಗಿ ತಲೆಯಾಡಿಸಿದರು.