ತಾಂಬೂಲದಲ್ಲಿ ಕೊಟ್ಟ ಹಾಡುಗಳು

ವೀಳ್ಯದೆಲೆಯ ಮೇಲೆ ಅಡಿಕೆ ಇಟ್ಟು ಆಡಿದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. ನನ್ನ ಮದುವೆ ನಿಶ್ಚಯವಾದದ್ದೂ ಹಾಗೆಯೇ: ಬಳ್ಳಾರಿಯ ನಾನು, ವಿಜಯವಾಡದ ಪಟಮಟದ ಸತ್ಯವತಿ, ನಡುವೆ ಒಂದು ತಾಂಬೂಲದ ತಟ್ಟೆ. ಯಾರೂ ಸಹಿ ಹಾಕಲಿಲ್ಲ. ಆ ಮದುವೆ ಇಷ್ಟು ಕಾಲ ಬಾಳಿದ್ದರಿಂದಲೋ ಏನೋ, ಎಲೆಯಡಿಕೆ ಜೊತೆ ಏನನ್ನು ಕೊಟ್ಟರೂ ಕೊಟ್ಟಂತೆಯೇ ಎಂದು ನಂಬಿದ್ದೆ. ಕೊಡುವ ವಸ್ತು ನನ್ನದು ಹೌದೋ ಅಲ್ಲವೋ ಎಂದು ಕೇಳಿಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ.

ಸತ್ಯವತಿ ಕನ್ನಡ ಕಲಿತದ್ದು ನಮ್ಮ ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತ. ಮೂಗು, ಕಿವಿ, ಬೆನ್ನು, ಮೊಣಕಾಲು, ಹೀಗೆ ಕೈ ಹೋದಲ್ಲೆಲ್ಲ ಹೊಸದಾಗಿ ಕಲಿತ ಒಂದು ಮಾತು. ಆ ಮಾತಿಗೊಂದು ರಾಗ. ಹಾಗೆ ಹುಟ್ಟಿದ ಹಾಡುಗಳನ್ನು ಹಳೆಯ ಕ್ಯಾಲೆಂಡರಿನ ಹಿಂದೆ ತೆಲುಗು ಲಿಪಿಯಲ್ಲಿ ಬರೆದಿಟ್ಟಿದ್ದಳು.

ವಿಶಾಖಪಟ್ಟಣದ ಬಂದರಿನ ಕೆಲಸದಿಂದ ನಿವೃತ್ತನಾದ ಮೇಲೆ ನನ್ನನ್ನು ಕೇಳುವವರು ಕಡಿಮೆಯಾಗಿದ್ದರು. ಅಂಥ ಹೊತ್ತಿನಲ್ಲಿ, ಇಲ್ಲಿನ ಕನ್ನಡಿಗರ ಕೂಟದಲ್ಲಿ ಪರಿಚಯವಾಗಿದ್ದ ಒಬ್ಬ ಯುವಕ ಮನೆಗೆ ಬಂದ. ಮಕ್ಕಳ ಹಾಡಿನ ವಿಡಿಯೊ ಮಾಡುವವನು. ಸತ್ಯವತಿ ಒಳಗೆ ಪೆಸರಟ್ಟು ಹುಯ್ಯುತ್ತಿದ್ದಳು. ನಾನು ಹಾಡುಗಳನ್ನು ಹಾಡಿ ತೋರಿಸಿದೆ, ಕೈಗೆ ತಾಂಬೂಲ ಕೊಟ್ಟೆ. “ತಗೊಳ್ರಿ, ಇನ್ನ ಮ್ಯಾಲೆ ಇವು ನಿಮ್ಮವೇ” ಎಂದೆ.

“ಯಾರು ಬರೆದಿದ್ದು ಅಂಕಲ್?” ಎಂದ.

ನಾನು ಸುಮ್ಮನೆ ನಕ್ಕೆ. ಆ ನಗುವೇ ನನ್ನ ಅಪರಾಧ. ವಿಡಿಯೊದಲ್ಲಿ ನನ್ನ ಹೆಸರು ಬಂತು. ಬೀಚಿಗೆ ವಾಕಿಂಗ್ ಬರುವ ಗೆಳೆಯರಿಗೆಲ್ಲ ತೋರಿಸಿದೆ. “ಏಮಿ ಕವಿಗಾರೂ!” ಎಂದು ಕರೆಯತೊಡಗಿದರು. ನಾನು ತಿರುಗಿ ನೋಡುತ್ತಿದ್ದೆ.

ಸತ್ಯವತಿಯೂ ವಿಡಿಯೊ ನೋಡಿದಳು. ಆಮೇಲೆ ಪಟಮಟದಲ್ಲೇ ಇರುವ ಮಗಳ ಬಾಣಂತನಕ್ಕೆ ಹೋದಳು. ಕೆಲವು ದಿನಗಳಾದ ಮೇಲೆ ಮಗಳ ಫೋನು: “ನಾನ್ನಾ, ಅಮ್ಮ ಪಾಪುಗೆ ಬಾಯಿ ಮುಚ್ಕೊಂಡು ನೀರು ಹಾಕ್ತಾಳೆ. ಹಾಡು ಅಂದ್ರೆ, ನಿಮ್ಮಪ್ಪ ತಾಂಬೂಲ ಇಟ್ಟು ಕೊಟ್ಬಿಟ್ಟಿದ್ದಾರೆ, ಕೊಟ್ಟಿದ್ದನ್ನ ನಾನು ಹೇಗೆ ಮುಟ್ಟಲಿ ಅಂತಾಳೆ.”

ಸಿಂಹಾಚಲಂಗೆ ಹೋಗಿ ಕೈಮುಗಿದೆ. ಒಂದು ದಿನ ಬಿಟ್ಟು ವರ್ಷವಿಡೀ ಚಂದನದೊಳಗೆ ಮುಖ ಮುಚ್ಚಿಕೊಂಡಿರುವ ದೇವರು. ನನ್ನಂಥವನಿಗೆ ತಪ್ಪು ಒಪ್ಪಿಕೊಳ್ಳಲು ಅದೊಂದು ಅನುಕೂಲ. ಆದರೆ ಉತ್ತರ ಸಿಕ್ಕಿದ್ದು ನಮ್ಮ ಅಪಾರ್ಟ್‌ಮೆಂಟಿನ ಲಾಯರಮ್ಮನಿಂದ.

“ಅಂಕಲ್, ಕಾಪಿರೈಟ್ ಕಾಯ್ದೆಗೆ ಎಲೆ ಅಡಿಕೆ ಗೊತ್ತಿಲ್ಲ” ಎಂದರು ಆಕೆ. ಹಾಡು ಕಟ್ಟಿದವರೇ ಅದರ ಒಡೆಯರು. ಅದು ಇನ್ನೊಬ್ಬರ ಪಾಲಾಗಬೇಕಾದರೆ ಬರಹದಲ್ಲಿ ಆಗಬೇಕು, ಒಡೆಯರ ಸಹಿ ಬೇಕು. ಯಾವ ಹಾಡು, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಊರಿನವರೆಗೆ, ಪ್ರತಿಫಲವೇನು, ಎಲ್ಲವನ್ನೂ ಬರೆಯಬೇಕು. ಕಾಲ ಬರೆಯದಿದ್ದರೆ ಐದು ವರ್ಷ. ಸ್ಥಳ ಬರೆಯದಿದ್ದರೆ ಭಾರತ ಪೂರ್ತಿ.

“ಗಂಡ ಸಹಿ ಹಾಕಿದ್ರೆ?” ಎಂದು ಕೇಳಿದೆ.

“ಗಂಡ ಯಾರು ಅಂಕಲ್ ಇದರಲ್ಲಿ?”

ಹೈಸ್ಕೂಲಿನವರೆಗೆ ಓದಿದ ನನಗೆ ಕಾಯ್ದೆಯಲ್ಲಿ ಇಷ್ಟು ಚೆನ್ನಾಗಿ ಅರ್ಥವಾದ ವಾಕ್ಯ ಇನ್ನೊಂದಿಲ್ಲ. ಮದುವೆಯ ತಾಂಬೂಲದಲ್ಲಿ ನನ್ನ ಕೈಗೆ ಬಂದದ್ದು ಏನೇನು ಎಂದು ನಾನು ಎಂದೂ ಯೋಚಿಸಿರಲಿಲ್ಲ. ಅವಳು ಬಂದಳು ಎಂದರೆ ಅವಳದೆಲ್ಲವೂ ಬಂತು ಎಂದುಕೊಂಡಿದ್ದೆ.

ಯುವಕನಿಗೆ ನಿಜ ಹೇಳಿದೆ. “ಅವತ್ತೇ ಹೇಳಬಾರದಿತ್ತಾ ಅಂಕಲ್” ಎಂದು ನೊಂದುಕೊಂಡು ವಿಡಿಯೊ ತೆಗೆದುಹಾಕಿದ. ಬೀಚಿನ ಗೆಳೆಯರಿಗೂ ಹೇಳಿದೆ; ಅದು ಇನ್ನೂ ಕಷ್ಟವಾಯಿತು. ಆಮೇಲೆ ವಿಜಯವಾಡದ ರೈಲು ಹತ್ತಿದೆ.

ಸತ್ಯವತಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದೆ. ಅವಳು ಎಣ್ಣೆ ಹಚ್ಚುತ್ತಲೇ ಇದ್ದಳು.

“ಏಮಂಡೀ, ನಾನು ಸಂತಕ ಹಾಕಿಲ್ಲ ಅಲ್ವಾ?” ಎಂದಳು ಕೊನೆಗೆ. ಸಹಿಗೆ ಅವಳು ಈಗಲೂ ಸಂತಕ ಎನ್ನುತ್ತಾಳೆ.

“ಇಲ್ಲ.”

“ಹಂಗಾದ್ರೆ ನಾನು ಕೊಟ್ಟಿಲ್ಲ. ಆ ಚೆಂಬು ತಗೊಳ್ಳಿ, ನೀರು ಹೊಯ್ಯಿರಿ. ಬಿಸಿ ನೋಡ್ಕೊಂಡು.”

ಮೂಗಿನಿಂದ ಶುರುಮಾಡಿದಳು. ಮೊಣಕಾಲಿಗೆ ಬರುವಾಗ ನನ್ನ ಗಂಟಲಿನಲ್ಲೂ ರಾಗ ಬಂತು, ಹೆದರಿ ನಿಲ್ಲಿಸಿದೆ.

“ಗುನುಗಿ, ಪರವಾಗಿಲ್ಲ” ಎಂದಳು ತಲೆಯೆತ್ತದೆ.

ಆ ಅಪ್ಪಣೆಯನ್ನು ಬರಹದಲ್ಲಿ ಕೊಡು ಎಂದು ಕೇಳುವ ಧೈರ್ಯ ನನಗಿಲ್ಲ. ಎಷ್ಟು ಕಾಲಕ್ಕೆ ಎಂದೂ ಅವಳು ಹೇಳಲಿಲ್ಲ. ಹೇಳದಿದ್ದರೆ ಐದು ವರ್ಷ. ನನ್ನ ವಯಸ್ಸಿಗೆ ಅದು ಧಾರಾಳವಾಯಿತು.