ಬರ್ಫ್ ಅಗಿಯುತ್ತಿದ್ದ ಕಾಕು

ಕಳೆದ ಭಾನುವಾರ ಜೇವರ್ಗಿಯ ನಮ್ಮ ಮನೆಯಲ್ಲಿ ಮಗಳು ಮೊಬೈಲ್ ನೋಡಿಕೊಂಡು ಐಸ್‌ಕ್ಯಾಂಡಿ ಮಾಡುತ್ತಿದ್ದಳು. ಬೇಯಿಸಿದ ಮಾವಿನಕಾಯಿ, ಬೆಲ್ಲ, ಅದರ ಮೇಲೆ ಅಂಗೈಯಲ್ಲಿ ಹಿಸುಕಿದ ಪುದೀನ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಅಡುಗೆಮನೆಯಿಂದ ಹೊರಗೆ ಬಂದೆ. "ಏನಾತವ್ವಾ?" ಅಂದಳು ಮಗಳು. ಶೆಕೆ, ಅಂದೆ. ನಮ್ಮ ಕಡೆ ಬೇಸಿಗೆಯಲ್ಲಿ ಶೆಕೆ ಎಂಬ ಸುಳ್ಳನ್ನು ಯಾರೂ ಕೆದಕಿ ಕೇಳುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಕರಜಗಿಯಲ್ಲಿ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯ ಸೊಸೆಯನ್ನು ನಾನು ಕಾಕು ಎನ್ನುತ್ತಿದ್ದೆ, ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವ ಹಾಗೆ. ಬಂಧುವೇನೂ ಅಲ್ಲ, ಓಣಿಯ ನಂಟು. ಒಂದು ವರ್ಷ ಕಬ್ಬು ಚೆನ್ನಾಗಿ ಬಂದಾಗ ಆಕೆಯ ಗಂಡ ಸೊಲ್ಲಾಪುರದಿಂದ ಯಾರೋ ಬಳಸಿ ಬಿಟ್ಟ ಫ್ರಿಜ್ಜೊಂದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ಓಣಿಗೆಲ್ಲ ಅದೊಂದೇ ಫ್ರಿಜ್ಜು. ಅತ್ತೆ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಸೊಸೆ ಅದರಲ್ಲಿ ಓಣಿಯ ಮಕ್ಕಳಿಗೆ ಐಸ್‌ಕ್ಯಾಂಡಿ ಮಾಡತೊಡಗಿದಳು.

ಭೀಮಾ ದಂಡೆಯ ಖರ್ಬೂಜಕ್ಕೆ ತುಳಸಿ, ನೇರಳೆ ಹಣ್ಣಿಗೆ ಕರಿ ಉಪ್ಪು, ಮಾವಿನಕಾಯಿಗೆ ಪುದೀನ ಮತ್ತು ಹುರಿದ ಜೀರಿಗೆ. ಸ್ಟೀಲ್ ಗ್ಲಾಸುಗಳೇ ಅಚ್ಚು. ಕಡ್ಡಿಯ ಬದಲು ತೊಳೆದು ಒಣಗಿಸಿದ ಜೋಳದ ದಂಟಿನ ತುಂಡು. ರಸ ಅರ್ಧ ಹೆಪ್ಪುಗಟ್ಟಿದ ಮೇಲೆಯೇ ಅದನ್ನು ನಡುವೆ ನಿಲ್ಲಿಸಬೇಕು. ಕರೆಂಟು ಹೋದರೆ ಕಾಕು ತನ್ನ ಪುಟ್ಟ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದಳು, ಯಾರೂ ತೆರೆಯಬಾರದೆಂದು.

"ಕಾದ ರಸಕ್ಕ ತಪ್ಪಲ ಹಾಕಬಾರದ ಬೇ, ಕಹಿ ಆಗ್ತದ. ಆರಲಿ, ಆಮ್ಯಾಲ ಹಾಕು," ಎಂದು ಪುದೀನ, ತುಳಸಿ ಎಲೆ ಹಾಕುವ ಹದವನ್ನು ನನಗೆ ಕಲಿಸಿದ್ದಳು.

ಇಷ್ಟೆಲ್ಲ ಮಾಡಿ ಆಕೆ ಮಾತ್ರ ಅದನ್ನು ತಿನ್ನುತ್ತಿರಲಿಲ್ಲ. ಆಕೆಗೆ ಬೇಕಾಗಿದ್ದದ್ದು ಬರೀ ನೀರಿನ ಬರ್ಫ್. ತುಂಡು ತುಂಡಾಗಿ ಬಾಯಿಗೆ ಹಾಕಿಕೊಂಡು ಕಟಕಟ ಅಗಿಯುತ್ತಿದ್ದಳು. ಗೋಡೆಯ ಈಚೆ ಓದುತ್ತ ಕೂತ ನನಗೆ ಆ ಸದ್ದು ಕೇಳುತ್ತಿತ್ತು. ಮೊದಲು ಮಧ್ಯಾಹ್ನ ಮಾತ್ರ ಇತ್ತು... ಬರಬರುತ್ತ ಬೆಳಿಗ್ಗೆ ಚಹಾದ ಹೊತ್ತಿಗೂ ಶುರುವಾಯಿತು. ಬೇಸಿಗೆಯಲ್ಲಿ ಬರ್ಫ್ ತಿನ್ನುವವರನ್ನು ಕಂಡು ಯಾರು ಬೆಚ್ಚುತ್ತಾರೆ?

ಆದರೆ ಚಳಿ ಬಿದ್ದರೂ ಸದ್ದು ನಿಲ್ಲಲಿಲ್ಲ. ಎಳ್ಳ ಅಮಾವಾಸ್ಯೆಗೆ ಓಣಿಯವರೆಲ್ಲ ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಉಣ್ಣುತ್ತಿದ್ದಾಗ ಕಾಕು ಒದ್ದೆ ಬಟ್ಟೆಯ ಗಂಟು ಬಿಚ್ಚಿ ಬರ್ಫ್ ಬಾಯಿಗೆ ಹಾಕಿಕೊಂಡಳು. ಗಾಳಿಗೆ ನಮ್ಮ ಹಲ್ಲುಗಳೇ ಕಟಗುಡುತ್ತಿದ್ದವು.

"ಏನ ಬೇ, ಬಯಕಿ ಏನು? ಇನ್ನೊಂದು ಕೂಸು ಬರಾಕತ್ತದೇನು?" ಎಂದು ಒಬ್ಬಳು ಚೇಷ್ಟೆ ಮಾಡಿದಳು.

"ಮಾರಿ ನೋಡ್ರಿ, ಹೆಂಗ ಬೆಳ್ಳಗ ಆಗ್ಯಾಳ!" ಎಂದಳು ನಮ್ಮವ್ವ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ. ಎಲ್ಲರೂ ನಕ್ಕರು, ಕಾಕುವೂ ನಕ್ಕಳು. ಹಿಂದಿರುಗುವಾಗ ಆಕೆ ಎರಡು ಸಲ ಬದುವಿನ ಮೇಲೆ ಕೂತದ್ದನ್ನು, ಎದೆ ಏರಿಳಿಯುತ್ತಿದ್ದದ್ದನ್ನು ನಾನು ನೋಡಿದೆ.

ಅದೇ ದಿನಗಳಲ್ಲಿ ಇನ್ನೊಂದು ಬದಲಾವಣೆ. ತುಳಸಿ ಎಲೆ ಹರಿಯಲು ಕಾಕು ನನ್ನನ್ನೇ ಕರೆಯುತ್ತಿದ್ದಳು, ತಾನು ಕಟ್ಟೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಇದು ನನಗೆ ಸಿಕ್ಕ ಮರ್ಯಾದೆ ಎಂದುಕೊಂಡು ನಾನು ಬೀಗುತ್ತಿದ್ದೆ. ಒಂದು ದಿನ ಎಲೆ ಹಿಡಿದುಕೊಂಡು ಕರೆಯದೆಯೇ ಹಿತ್ತಲಿಗೆ ಹೋದೆ. ಕಾಕು ಬಟ್ಟೆ ಒಗೆಯುತ್ತಿದ್ದಳು. ಬಚ್ಚಲಿನಿಂದ ಹರಿದು ಹೋಗುತ್ತಿದ್ದ ನೀರು ಕೆಂಪಗಿತ್ತು.

ಆಕೆ ನನ್ನ ರಟ್ಟೆ ಹಿಡಿದು ಕೂರಿಸಿದಳು. "ನಿಲ್ಲವಲ್ದು ಬೇ. ತಿಂಗಳದಾಗ ಇಪ್ಪತ್ತು ದಿನ ಹಿಂಗೇ. ಯಾರ ಮುಂದೂ ಹೇಳಬ್ಯಾಡ. ಅತ್ತಿಗೆ ತಿಳದ್ರ ನನ್ನ ಪಡಸಾಲಿಗೆ ಕೂಡಸ್ತಾಳ, ಒಲಿ ಮುಟ್ಟಸಂಗಿಲ್ಲ. ಹೊರಗ ಆದಾಕಿ ಕೈಲೆ ಮಾಡಿದ ಐಸ್ ನಿಮ್ಮವ್ವ ತಿನ್ನಾಕ ಬಿಡ್ತಾಳೇನು?"

ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ಮುಟ್ಟಾದವರು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಒಂದು ಮಾತು ಬಾಯಿಬಿಟ್ಟರೆ ಆ ಫ್ರಿಜ್ಜಿನ ಬಾಗಿಲು ನಮಗೆಲ್ಲ ಮುಚ್ಚಿದಂತೆಯೇ. ಹೇಳುವುದಿಲ್ಲ ಎಂದು ತುಳಸಿ ಎಲೆ ಕೈಯಲ್ಲಿಟ್ಟುಕೊಂಡೇ ಆಣೆ ಮಾಡಿದೆ. ಅಂದಿನಿಂದ ಮೊದಲ ಕ್ಯಾಂಡಿ ಯಾವಾಗಲೂ ನನಗೇ.

ಮುಂದಿನ ಬೇಸಿಗೆ ಬಂತು. ಕ್ಯಾಂಡಿ ಕೊಡುವಾಗ ಕಾಕುವಿನ ಉಗುರುಗಳನ್ನು ನೋಡಿದೆ. ಹಿಟ್ಟಿನ ಬಣ್ಣಕ್ಕೆ ತಿರುಗಿದ್ದವು. ಹೆದರಿಕೆಯಾಯಿತು.

"ಕಾಕು, ಅವ್ವಗ ಹೇಳಲೇನು?"

"ಇದೊಂದು ಬ್ಯಾಸಗಿ ಹೋಗಲಿ. ಆಮ್ಯಾಲ ನಾನೇ ಹೇಳ್ತೇನಿ," ಎಂದು ಕ್ಯಾಂಡಿ ನನ್ನ ಕೈಗಿಟ್ಟಳು. ಖರ್ಬೂಜದ್ದು. ಕರಗುವ ಮೊದಲು ತಿನ್ನಬೇಕಲ್ಲ, ತಿಂದೆ. ಕಾಕು ನನಗೆ ಬೇಕಾಗಿದ್ದಳು, ಸುಳ್ಳಲ್ಲ. ಆದರೆ ಆ ಬೇಸಿಗೆ ಐಸ್ ಅದಕ್ಕಿಂತ ಹೆಚ್ಚು ಬೇಕಾಗಿತ್ತು. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಅಸಹ್ಯ.

ಅದಾಗಿ ನಾಲ್ಕನೆಯ ದಿನ ಮಧ್ಯಾಹ್ನ ಗೋಡೆಯಾಚೆ ಗ್ಲಾಸುಗಳು ಉರುಳಿದ ಸದ್ದಾಯಿತು. ಆಮೇಲೆ ಅತ್ತೆಯ ಕೂಗು. ಕಾಕುವನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೋದರು. ಅಫಜಲಪುರ ಮುಟ್ಟುವ ಮೊದಲೇ ಉಸಿರು ನಿಂತಿತಂತೆ, ಅಲ್ಲಿಂದಲೇ ಜೀಪು ತಿರುಗಿಸಿದರು. "ಬರ್ಫ್ ತಿಂದು ತಿಂದು ಬಿಸಿಲಿಗೆ ಹ್ವಾದ್ಲು, ಎದಿ ಹಿಡೀತು," ಎಂದು ಊರೆಲ್ಲ ಮಾತಾಡಿತು. ಅತ್ತೆ ಫ್ರಿಜ್ಜಿನ ವೈರ್ ಕಿತ್ತು ಅದರಲ್ಲಿ ಸೀರೆ ಇಡತೊಡಗಿದಳು. ಬರ್ಫೇ ಕೊಂದಿತೆಂದು ನಾನೂ ನಂಬಿದೆ, ನಂಬುವುದು ಹಗುರವಾಗಿತ್ತು.

ಎಷ್ಟೋ ವರ್ಷಗಳ ನಂತರ ನಾನು ಟೀಚರಾಗಿದ್ದ ಶಾಲೆಗೆ ಕಬ್ಬಿಣಾಂಶದ ಗುಳಿಗೆ ಹಂಚಲು ಬಂದ ನರ್ಸ್ ಹುಡುಗಿಯರಿಗೆ ಹೇಳಿದಳು: "ಬರ್ಫ್, ಸೀಮೆಸುಣ್ಣ, ಮಣ್ಣು ತಿನ್ನಬೇಕು ಅನ್ನಸ್ತದೇನು? ಹಂಗಿದ್ರ ಮುಚ್ಚಿಡಬ್ಯಾಡ್ರಿ. ಮೈಯಾಗ ರಕ್ತ ಕಡಿಮಿ ಆದ್ರ ಹಿಂಗ ಆಗ್ತದ." ನಾನು ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟೆ. ಒಂದು ವರ್ಷವಿಡೀ ಗೋಡೆಯಾಚೆಯಿಂದ ಕಾಕುವಿನ ಮೈಯೇ ಹೇಳುತ್ತಿತ್ತು. ಅರ್ಥಮಾಡಿಕೊಳ್ಳಲು ಬೇಕಾದ ಉಳಿದರ್ಧ ನನ್ನೊಬ್ಬಳ ಹತ್ತಿರ ಇತ್ತು...

ಕಾಕುವಿನ ಒಬ್ಬಳೇ ಮಗಳನ್ನು ಆಳಂದಕ್ಕೆ ಕೊಟ್ಟಿದ್ದಾರೆ. ಆಗಾಗ ಫೋನ್ ಮಾಡುತ್ತಾಳೆ. ಈ ಬುಧವಾರವೂ ಮಾಡಿದಳು. ಗರ್ಭಚೀಲದಲ್ಲಿ ಗಡ್ಡೆಗಳಿವೆಯಂತೆ, ಮುಟ್ಟು ನಿಲ್ಲುವುದೇ ಇಲ್ಲವಂತೆ.

"ನಿಮ್ಮವ್ವಗೂ ಹಿಂಗಿತ್ತೇನಂತ ಡಾಕ್ಟರ್ ಕೇಳಾಕತ್ತಾರ್ರಿ ಅಕ್ಕಾ. ಮನ್ಯಾಗ ಕೇಳಿದ್ರ ಬಿಸಿಲು ಬಡದು ಹ್ವಾದ್ಲು ಅಂತಾರ. ನಿಮಗೇನರೆ ಗೊತ್ತದೇನ್ರಿ?"

ಉಪ್ಪು ತಿಂದವರು ನೀರು ಕುಡಿಯಲೇಬೇಕು. ಬಚ್ಚಲ ನೀರು, ತುಳಸಿ ಹಿಡಿದು ಮಾಡಿದ ಆಣೆ, ಆಕೆ ಕೊಟ್ಟ ಮೊದಲ ಕ್ಯಾಂಡಿ, ಎಲ್ಲ ಹೇಳಿದೆ. ಇವತ್ತೇ ಡಾಕ್ಟರಿಗೆ ಹೇಳು, ಒಂದು ದಿನವೂ ತಡ ಮಾಡಬೇಡ ಎಂದೂ ಹೇಳಿದೆ.

"ಆವಾಗ ನಿಮಗ ಎಷ್ಟು ವಯಸ್ಸಿತ್ರಿ?" ಎಂದಳು ಕೊನೆಗೆ.

"ಹನ್ನೆರಡು."

ಸಣ್ಣಾಕಿ ಇದ್ರಿ ಬಿಡ್ರಿ ಅಕ್ಕಾ, ಎನ್ನುತ್ತಾಳೆಂದು ಕಾದೆ.

"ನನಗ ನಾಕಿತ್ರಿ," ಎಂದು ಫೋನ್ ಇಟ್ಟಳು.