ಮಧ್ಯಾಹ್ನ ಖಾಲಿಯಾಗುವ ರಸ್ತೆ

ನನ್ನ ಗೆಳೆಯನ ಬಲಗಣ್ಣು ಹೋದದ್ದು ಹೇಗೆ ಎಂದು ದೊಡ್ಡಬಳ್ಳಾಪುರದಲ್ಲಿ ಸೈಕಲ್ ತುಳಿಯುವ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದ, ಕ್ವಾರಿಯವರು ಸಿಳ್ಳೆ ಹೊಡೆದದ್ದು ಕೇಳಿಸಲಿಲ್ಲ, ಬಂಡೆ ಸಿಡಿಸುವ ಹೊತ್ತಿಗೆ ಸರಿಯಾಗಿ ನುಗ್ಗಿಬಿಟ್ಟ. ಕೇಳಿದವರು ಲೊಚಗುಟ್ಟಿ, "ಈಗಿನ ಹುಡುಗರೇ ಹಾಗೆ" ಎನ್ನುತ್ತಾರೆ. ಅಲ್ಲಿಗೆ ಅವರ ಪಾಲಿಗೆ ಮುಗಿಯಿತು.

ನನ್ನ ಮೊದಲ ತಕರಾರು: ಇದನ್ನು ಹೇಳುವವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಇದ್ದವನು ನಾನು. ಅವನ ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಏದುಸಿರು ಬಿಡುತ್ತಾ ಪೆಡಲ್ ತುಳಿಯುತ್ತಿದ್ದೆ. ಎರಡನೆಯ ತಕರಾರು: ನನ್ನ ಕಿವಿಯಲ್ಲಿ ಏನೂ ಇರಲಿಲ್ಲ, ನನಗೂ ಯಾವ ಸಿಳ್ಳೆಯೂ ಕೇಳಲಿಲ್ಲ. ಸಿಳ್ಳೆ ಹೊಡೆಯಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಹೊಡೆದಿರಬಹುದು. ನಾವಿದ್ದ ಜಾಗಕ್ಕೆ ಅದು ಮುಟ್ಟಲಿಲ್ಲ ಎಂದಷ್ಟೇ ಹೇಳುತ್ತೇನೆ. ಇಷ್ಟನ್ನು ಒಪ್ಪಿಸಲು ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡಿದ್ದೇನೆ. ಒಬ್ಬರೂ ಒಪ್ಪಿಲ್ಲ. ಕಾರಣ ನಾನೇ. ಶಾಲೆಯಿಂದ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆಯ ಕಪ್‌ಗಳನ್ನು ಮನೆಗೆ ಹೊತ್ತು ತಂದವನು ನಾನು. ಈಗ ಬಾಯಿ ತೆರೆದರೆ ಸಾಕು, ಜನ ನಗುತ್ತಾರೆ: "ಬಂದ್ರು ನೋಡಪ್ಪಾ ಲಾಯರ್ರು. ಇವತ್ತು ಪರಾನಾ, ವಿರೋಧಾನಾ?"

ನಮ್ಮದು ಊರಿನ ಸೈಕಲ್ ಗುಂಪು. ಭಾನುವಾರ ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಬರುವ ದುಬಾರಿ ಸೈಕಲ್ಲಿನವರಲ್ಲ. ಮಗ್ಗದವರು, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡುವವರು, ಒಂದಿಬ್ಬರು ಮೇಷ್ಟ್ರುಗಳು, ಅಂಗಡಿಯವರು. ಕಾರು ಬೈಕುಗಳು ಒಂದರ ಬಾಲ ಒಂದು ಹಿಡಿದು ಹೋಗುವ ರಸ್ತೆ ಕಂಡರೆ ನಮಗಾಗದು. ಮಾಕಳಿದುರ್ಗದ ಆಸುಪಾಸು, ಘಾಟಿ ದೇವಸ್ಥಾನದ ಹಿಂದಿನ ಗುಡ್ಡಗಳು, ರಜೆ ಸಿಕ್ಕರೆ ಶಿವಗಂಗೆಯ ಬುಡದ ಹಳ್ಳಿಗಳು, ಹೀಗೆ ಗಾಡಿಯ ಸದ್ದಿಲ್ಲದ ಬೆಟ್ಟದ ದಾರಿಗಳನ್ನು ಹುಡುಕಿ ತುಳಿಯುವುದೇ ನಮ್ಮ ಚಟ.

ಆ ದಾರಿಗಳನ್ನು ಹುಡುಕಿ ಕೊಡುತ್ತಿದ್ದವರು ಹಾರ್ಡ್‌ವೇರ್ ಅಂಗಡಿಯ ಅಣ್ಣ. ಐವತ್ತರ ಹತ್ತಿರದ ಮನುಷ್ಯ, ಏರಿನಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕುವ ಕಾಲು. ಮಂಗಳವಾರ ಅಂಗಡಿಗೆ ರಜೆ. ಅವತ್ತು ಒಬ್ಬರೇ ಹೋಗಿ ಹೊಸ ದಾರಿ ತುಳಿದು, ಮೊಬೈಲಿನಲ್ಲಿ ಅದರ ನಕ್ಷೆ ಹಿಡಿದು, ಸಂಜೆ ಗುಂಪಿಗೆ ಕಳಿಸುತ್ತಿದ್ದರು. ಒಂದು ರಸ್ತೆಗೆ ಅವರು ಕೊಡುವ ದೊಡ್ಡ ಸರ್ಟಿಫಿಕೇಟ್ ಎಂದರೆ "ಸತ್ತ ರೋಡು." ಯಾವ ರಸ್ತೆ ಯಾವ ಹೊತ್ತಿನಲ್ಲಿ ಸಾಯುತ್ತದೆ ಎಂಬುದೂ ಅವರಿಗೆ ಬಾಯಿಪಾಠ. ಸ್ಕೂಲ್ ಬಸ್ ಹೋದ ಮೇಲೆ ಇದು, ಹಾಲಿನ ಗಾಡಿ ಬರುವ ಮುಂಚೆ ಅದು. ಕ್ವಾರಿಯ ಪಕ್ಕದ ರಸ್ತೆಗೆ ಅವರು ಬರೆದದ್ದು ನನಗೆ ಈಗಲೂ ನೆನಪಿದೆ: ಬೆಳಿಗ್ಗೆ ಟಿಪ್ಪರ್ ಕಾಟ, ಆ ಕಡೆ ತಲೆ ಹಾಕಬೇಡಿ, ವಾಪಸ್ ಬರುವಾಗ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನೀಲಗಿರಿ ತೋಪಿನ ಒಳದಾರಿಯಿಂದ ಹತ್ತಿ, ಒಂದು ನಾಯಿಯೂ ಅಡ್ಡ ಬರಲ್ಲ.

ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ದಾರಿಯಲ್ಲಿ ಊರವರನ್ನು ಏನೂ ಕೇಳಬಾರದು. ಕೇಳಿದವನು ಎಲ್ಲರಿಗೂ ಟೀ ಕೊಡಿಸಬೇಕು. ಇದಕ್ಕೊಂದು ತರ್ಕವೂ ಇತ್ತು. ಬೆಟ್ಟದ ದಾರಿ ಎಲ್ಲಿದೆ ಎಂದು ಯಾರನ್ನೇ ಕೇಳಿ, "ಅಲ್ಲ್ಯಾಕೆ ಸ್ವಾಮಿ, ಮೇನ್ ರೋಡಲ್ಲೇ ಹೋಗಿ, ಚೆನ್ನಾಗೈತೆ" ಎಂದು ಹೆದ್ದಾರಿಗೇ ತಳ್ಳುತ್ತಾರೆ. ಆದ್ದರಿಂದ ನಕ್ಷೆಯನ್ನು ನಂಬು, ಜನರನ್ನು ಕೇಳಬೇಡ. ವಾದವಾಗಿ ನೋಡಿದರೆ ಇದು ಗಟ್ಟಿಯಾಗಿಯೇ ಇದೆ. ಅದೇ ಅದರ ಅಪಾಯ.

ಗೆಳೆಯನ ಕೆಲಸವನ್ನೂ ಹೇಳಿಬಿಡುತ್ತೇನೆ. ಅವನ ಮಾವನದು ಸೀರೆ ವ್ಯಾಪಾರ. ಮಗ್ಗಗಳಿಂದ ಬಂದ ಸೀರೆಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹಾಸಿ, ಎಲ್ಲಿ ಎಳೆ ಬಿಟ್ಟಿದೆ, ಎಲ್ಲಿ ಎಣ್ಣೆಯ ಕಲೆ ಬಿದ್ದಿದೆ ಎಂದು ಹುಡುಕುವುದು ಇವನ ಪಾಲಿನ ಕೆಲಸ. ದಿನವಿಡೀ ಹಾಗೆ ನೋಡಿದ ಕಣ್ಣಿಗೆ ದೂರದ ಬೆಟ್ಟ ಬೇಕು ಅನಿಸುತ್ತದೆ ಎಂದೇ ಅವನು ಸೈಕಲ್ ಹಿಡಿದದ್ದು. ಹೌದು, ಅವನ ಜೇಬಿನಲ್ಲಿ ಇಯರ್‌ಫೋನ್ ಇರುತ್ತಿತ್ತು. ನೆಲಮಂಗಲದ ಕಡೆಯ ಚಪ್ಪಟೆ ರಸ್ತೆಯಲ್ಲಿ ಬೇಜಾರಾದಾಗ ಹಾಕಿಕೊಂಡದ್ದನ್ನು ಗುಂಪಿನವರು ನೋಡಿದ್ದಾರೆ. ಈ ಒಂದು ಪಾಯಿಂಟನ್ನು ಎದುರು ಪಕ್ಷಕ್ಕೆ ಬಿಟ್ಟುಕೊಡುತ್ತೇನೆ.

ಏರಿನಲ್ಲಿ ಮಾತ್ರ ಅವನಿಗೆ ಹಾಡು ಬೇಕಿರಲಿಲ್ಲ, ನಾನು ಬೇಕಿತ್ತು. ಅವನೊಂದು ವಿಷಯ ಕೊಡುವುದು, ನಾನು ಉಸಿರು ಸಿಗದಿದ್ದರೂ ವಾದಿಸುವುದು, ಇದು ನಮ್ಮ ಹಳೆಯ ಆಟ. ಕಣ್ಣು ಹೋದ ಆ ಮಂಗಳವಾರ ನಾವಿಬ್ಬರೇ ಅಣ್ಣನ ನಕ್ಷೆ ಹಿಡಿದು ವಾಪಸ್ ಬರುತ್ತಾ, ತೋಪಿನ ಒಳದಾರಿ ದಾಟಿ ಕ್ವಾರಿ ಪಕ್ಕದ ಡಾಂಬರಿಗೆ ಹತ್ತಿದಾಗ ಅವನು ಕೊಟ್ಟ ವಿಷಯ: ಸೈಕಲ್ ಹೊಡೆಯುವವರೆಲ್ಲ ಮನೆಗೆಲಸ ತಪ್ಪಿಸಿಕೊಂಡು ಬಂದ ಸೋಮಾರಿಗಳು. ನಾನು ವಿರೋಧಿಸಬೇಕು. ಅರ್ಧ ವಾಕ್ಯಕ್ಕೇ ಉಸಿರು ನಿಂತುಹೋಯಿತು.

"ಯಾಕ್ಲಾ, ಪಾಯಿಂಟ್ ಖಾಲಿನಾ?" ಎಂದ, ತಿರುಗದೆ.

"ಮೇಲೆ ಹತ್ತಿದ್ಮೇಲೆ ಹೇಳ್ತೀನಿ," ಎಂದೆ.

"ಮೇಲೆ ಬೇಡ ಕಣೋ. ಉಸಿರಿಲ್ದಾಗ ನಿಂಗೆ ಸುಳ್ಳು ಹೇಳಕ್ಕಾಗಲ್ಲ. ಅದಕ್ಕೇ ನಿನ್ನ ಬೆಟ್ಟದಲ್ಲೇ ಮಾತಾಡಿಸ್ಬೇಕು."

ನಾನು ಹಿಂದಿನಿಂದ ಹೇಳಿದ್ದಕ್ಕೆ ಅವನು ಮುಂದಿನಿಂದ ಉತ್ತರ ಕೊಟ್ಟ. ಇಯರ್‌ಫೋನ್ ವಾದಕ್ಕೆ ನನ್ನ ಉತ್ತರ ಇದೇ. ಒಂದೇ ಕಿವಿಗೆ ಹಾಕಿರಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಗಾದರೆ ಇನ್ನೊಂದು ಕಿವಿಗೆ ಸಿಳ್ಳೆ ಕೇಳಬೇಕಿತ್ತಲ್ಲ.

ರಸ್ತೆ ನಿಜಕ್ಕೂ ಸತ್ತಿತ್ತು. ಟಿಪ್ಪರ್ ಇಲ್ಲ, ಬೈಕ್ ಇಲ್ಲ, ಕುರಿ ಮೇಯಿಸುವವರಿಲ್ಲ. ಅಣ್ಣನ ಲೆಕ್ಕಾಚಾರಕ್ಕೆ ಮನಸ್ಸಿನಲ್ಲೇ ಭೇಷ್ ಅಂದೆ. ಆಮೇಲೆ ನೆಲ ಒಂದು ಸಲ ಕೆಳಗಿನಿಂದ ಗುದ್ದಿತು. ಸದ್ದು ಬಂದದ್ದು ಅದರ ನಂತರ. ಬಲಗಡೆಯ ಗುಡ್ಡದ ನೆತ್ತಿಯಿಂದ ಬೂದಿ ಬಣ್ಣದ ಮೋಡ ಎದ್ದಿತು, ಅದರೊಳಗಿನಿಂದ ಕಲ್ಲುಗಳು ಬಂದವು. ದೊಡ್ಡವು ಹೊಲಕ್ಕೆ ಬಿದ್ದವು. ಅವನಿಗೆ ತಾಗಿದ್ದು ಗೋಲಿಯಷ್ಟಿತ್ತೇನೋ. ಅವನು ಕೂಗಲೂ ಇಲ್ಲ. ಸೈಕಲ್ ಸಮೇತ ಪಕ್ಕಕ್ಕೆ ವಾಲಿ, ತಲೆ ರಸ್ತೆಗೆ ಬಡಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಮೇಲಿನಿಂದ ಕೆಂಪು ಬಟ್ಟೆ ಹಿಡಿದವನೊಬ್ಬ ಓಡಿ ಬಂದ. "ಯಾವ ಕಡೆಯಿಂದ ಬಂದ್ರಿ? ಎರಡೂ ಕಡೆ ಗಾಡಿ ನಿಲ್ಸಿದೀವಲ್ಲ, ಯಾವ ಕಡೆಯಿಂದ ಬಂದ್ರೀ?" ಎಂದು ಅದನ್ನೇ ಬಡಬಡಿಸುತ್ತಿದ್ದ. ತೋಪಿನ ಕಡೆ ಕೈ ತೋರಿಸಿದೆ. ಅವನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಕ್ಕರಿಸಿಬಿಟ್ಟ. ಬಂಡೆ ಸಿಡಿಸುವ ದಿನ ಮಧ್ಯಾಹ್ನಕ್ಕೆ ಮುಂಚೆ ರಸ್ತೆಯ ಎರಡು ತುದಿಯಲ್ಲೂ ಆಳು ನಿಲ್ಲಿಸಿ ಎಲ್ಲರನ್ನೂ ತಡೆಯುತ್ತಾರೆ. ರಸ್ತೆ ಖಾಲಿಯಾಗುತ್ತಿದ್ದದ್ದು ಅದಕ್ಕೇ. ನಮ್ಮ ಒಳದಾರಿ ಆ ಎರಡು ತುದಿಗಳ ನಡುವೆ ಹೋಗಿ ಸೇರುತ್ತಿತ್ತು. ತುದಿಯಲ್ಲಿ ಕಾಯುತ್ತಿದ್ದ ಟಿಪ್ಪರ್ ಒಂದರ ಕ್ಯಾಬಿನ್ನಿನಲ್ಲೇ ಅವನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಬಂದೆವು. ಡ್ರೈವರ್ ದಾರಿಯುದ್ದಕ್ಕೂ ಹಾರ್ನ್ ಒತ್ತುತ್ತಲೇ ಇದ್ದ.

ತೋಪಿನ ದಾರಿಗೆ ಆಳು ನಿಲ್ಲಿಸದ ಕ್ವಾರಿಯವರನ್ನು ನಾನು ಬಿಟ್ಟಿಲ್ಲ. ಠಾಣೆಯಲ್ಲಿ ದೂರು ಇದೆ. ಅಲ್ಲೂ ಅವರ ಕಡೆಯವನ ಬಾಯಲ್ಲಿ ಅದೇ ಇಯರ್‌ಫೋನ್ ಕಥೆ. ಅವನಿಗೆ ಅದು ಸಿಕ್ಕಿದ್ದು ನಮ್ಮ ಗುಂಪಿನಿಂದ.

ಗುಂಪಿಗೆ ಬಂದದ್ದು ಅಣ್ಣನಿಂದ. ಆ ಸಂಜೆ, ಗೆಳೆಯ ಇನ್ನೂ ಆಪರೇಷನ್ ಥಿಯೇಟರಿನಲ್ಲಿದ್ದಾಗ ಅವರು ವಾಟ್ಸಾಪಿಗೆ ಹಾಕಿದ್ದು: "ದಯವಿಟ್ಟು ಯಾರೂ ಇಯರ್‌ಫೋನ್ ಹಾಕಿಕೊಂಡು ರೈಡ್ ಮಾಡಬೇಡಿ. ಇವತ್ತಿನ ಘಟನೆ ನಮಗೆಲ್ಲ ಪಾಠ." ಎರಡು ವಾಕ್ಯ. ಮೊದಲನೆಯದು ಒಳ್ಳೆಯ ಬುದ್ಧಿಮಾತು. ಎರಡನೆಯದೂ ನಿಜವೇ. ಅವನು ಇಯರ್‌ಫೋನ್ ಹಾಕಿಕೊಂಡಿದ್ದ ಎಂದು ಎಲ್ಲೂ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರು, ಅಷ್ಟೇ. ಓದಿದವರು ಉಳಿದದ್ದನ್ನು ತಾವೇ ಹೊಲಿದುಕೊಂಡರು. ಸ್ಪರ್ಧೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಒಳಗೊಳಗೇ ಮೆಚ್ಚಿಬಿಡುತ್ತಿದ್ದೆ.

ಕಣ್ಣು ಹೋಯಿತು, ಅದರ ಮೇಲೆ ವಾದ ನಡೆಯುವುದಿಲ್ಲ. ಹೋಗುತ್ತಿರುವ ಇನ್ನೊಂದಿದೆ. ತಲೆಗೆ ಪೆಟ್ಟು ಬಿದ್ದದ್ದರಿಂದ ಅವನಿಗೆ ಆ ದಿನದ ಏರು ನೆನಪಿಲ್ಲ. ತೋಪು ನೆನಪಿದೆ, ಆಮೇಲೆ ಆಸ್ಪತ್ರೆಯ ವಾಸನೆ. ನಡುವಿನ ಖಾಲಿ ಜಾಗವನ್ನು ಊರಿನವರು ತುಂಬಿಸುತ್ತಿದ್ದಾರೆ. ಕಳೆದ ವಾರ ಅವನ ಮನೆಗೆ ಹೋದಾಗ ಅಮ್ಮಿ, ಅಂದರೆ ಅವನ ತಾಯಿ, ನನ್ನ ಮುಂದೆ ಟೀ ಇಟ್ಟು ಬಾಗಿಲ ಬಳಿ ನಿಂತರು.

"ಸಚ್ ಬೋಲ್ ಬೇಟಾ. ಇವನ ಕಿವೀಲಿ ಅದು ಇತ್ತಾ ಇಲ್ವಾ?"

"ಇರ್ಲಿಲ್ಲ ಅಮ್ಮಿ. ನನ್ನ ಜೊತೆ ಮಾತಾಡ್ತಾ ಇದ್ದ."

"ನೀನು ಅವನ ದೋಸ್ತ್. ಹಂಗೇ ಹೇಳ್ತೀಯ." ನಿಟ್ಟುಸಿರಿಟ್ಟು ಒಳಗೆ ಹೋದರು. ಮಗ ಆಸ್ಪತ್ರೆಯಿಂದ ಬಂದಾಗಿನಿಂದ ಅವರು ಊಟದ ತಟ್ಟೆ ಇಡುತ್ತಾರೆ, ಔಷಧ ಹಾಕುತ್ತಾರೆ, ಬೇರೆ ಮಾತಿಲ್ಲ. ಕೈಯಾರೆ ಕಣ್ಣು ಕಳೆದುಕೊಂಡ ಎಂಬ ಸಿಟ್ಟು. ಪೂರ್ತಿ ಹೊರಗೆ ಬರದ ಸಿಟ್ಟು.

ಗೆಳೆಯ ಕಿಟಕಿಯ ಬಳಿ ಕೂತಿದ್ದ. ಮಡಿಲಲ್ಲಿ ಒಂದು ಸೀರೆ. ಒಂದೇ ಕಣ್ಣಿನಲ್ಲಿ ಅಭ್ಯಾಸ ಮಾಡುತ್ತಿದ್ದ. ಅಂಚಿನ ಮೇಲೆ ಬೆರಳಾಡಿಸುತ್ತಾ ಹೇಳಿದ, "ಬಿಡೋ ಮಾರಾಯ. ಹಾಕ್ಕೊಂಡಿದ್ನೇನೋ."

"ಹಾಕ್ಕೊಂಡಿರ್ಲಿಲ್ಲ ಅಂತಿದೀನಲ್ಲ!"

"ನಿಂಗೆ ಯಾವ ಕಡೆ ಕೊಟ್ರೂ ಗೆಲ್ತೀಯ ಕಣೋ. ಎಲ್ರೂ ಹೇಳ್ತಿದಾರೆ. ಮೊನ್ನೆ ಕನಸಲ್ಲಿ ನಂಗೂ ಹಾಡು ಕೇಳಿಸ್ತು."

ಅಲ್ಲಿಂದ ಎದ್ದು ನೇರ ಅಣ್ಣನ ಅಂಗಡಿಗೆ ಹೋದೆ.

ಅವರು ಮೊಳೆ ತೂಗುತ್ತಿದ್ದರು. "ಬಾರಪ್ಪಾ ಲಾಯರ್ರೇ," ಎಂದರು. ಗಿರಾಕಿ ಹೋಗುವವರೆಗೆ ಕಾದೆ. ಆ ದಾರಿಯಲ್ಲಿ ನೀವು ಎಷ್ಟು ಸಲ ಹೋಗಿದ್ದಿರಿ ಎಂದು ಕೇಳಿದೆ.

"ಮೂರ್ನಾಲ್ಕು ಸಲ. ಏನೂ ಆಗ್ಲಿಲ್ವಲ್ಲ ನಂಗೆ?"

"ತುದೀಲಿ ಟಿಪ್ಪರ್ ನಿಂತಿದ್ವಾ ಅಣ್ಣ?"

"ನಿಂತಿದ್ವು. ಡ್ರೈವರ್‌ಗಳು ಹೊಂಗೆ ಮರದ ಕೆಳಗೆ ಕೂತಿದ್ರು. ಊಟಕ್ಕೆ ನಿಲ್ಸಿರ್ತಾರೆ ಅಂದ್ಕೊಂಡೆ."

"ಸದ್ದು?"

ತಕ್ಕಡಿಯ ತಟ್ಟೆಯನ್ನು ಒರೆಸಿದರು. "ಒಂದ್ಸಲ ತೋಪಲ್ಲಿರೋವಾಗ ಕೇಳ್ತು. ಬೆಟ್ಟದ ಆ ಕಡೆ ಎಲ್ಲೋ ಅಂದ್ಕೊಂಡೆ." ತಟ್ಟೆಯನ್ನು ಪಕ್ಕಕ್ಕಿಟ್ಟು, "ನಾನೇನ್ ಬೇಕೂಂತ ಕಳಿಸಿದ್ನಾ ಅವನ್ನ? ನನ್ನ ಮಗನ ವಯಸ್ಸು ಅವನಿಗೆ," ಎಂದರು. ಅದು ನಿಜ. ಬೇಕೆಂದು ಕಳಿಸಿರಲಿಲ್ಲ. ಒಂದೊಂದು ಗಾಡಿಯ ಹೊತ್ತನ್ನೂ ಗುರುತಿಟ್ಟುಕೊಳ್ಳುತ್ತಿದ್ದ ಮನುಷ್ಯ, ಆ ಗಾಡಿಗಳು ಯಾಕೆ ನಿಂತಿವೆ ಎಂದು ಮರದ ಕೆಳಗೆ ಕೂತವರನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಟೀ ಕೊಡಿಸಬೇಕಾಗುತ್ತಿತ್ತು.

ಬೈಯಬೇಕೆಂದೇ ಹೋಗಿದ್ದೆ. ವಾಕ್ಯಗಳೂ ತಯಾರಿದ್ದವು. ಅವರು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುವುದನ್ನು ನೋಡಿ ಅವೆಲ್ಲ ಬೇಡವೆನಿಸಿತು. ನನ್ನ ಮಾತನ್ನು ನಂಬದ ಅಮ್ಮಿ ಇವರ ಮಾತನ್ನು ನಂಬುತ್ತಾರೆ, ಊರಿಡೀ ನಂಬಿದೆ.

"ಅಣ್ಣ," ಎಂದೆ, "ಟಿಪ್ಪರ್ ನಿಂತಿದ್ದು, ಸದ್ದು ಕೇಳಿದ್ದು, ಈಗ ನನ್ನ ಹತ್ರ ಹೇಳಿದ್ರಲ್ಲ, ಇಷ್ಟನ್ನೇ ಅವನ ಮನೆಗೆ ಬಂದು ಅಮ್ಮಿ ಮುಂದೆ, ಅವನ ಮುಂದೆ ಒಂದ್ಸಲ ಹೇಳ್ತೀರಾ?"